ಅಂಕೋರ್‌ವಾಟ್‌ನಲ್ಲಿ ಕಟ್ಟಿದ ಮುಡಿಪು

ಹೂಟಗಳ್ಳಿ, ಮೈಸೂರು

ಟೂರಿನ ಬೀರೇಶ್ ಅವರಿಗೆ ಪ್ರೇಮಮ್ಮನ ನಮಸ್ಕಾರ.

ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂಗೆ ಮತ್ತೆ ಜನರನ್ನು ಕರೆದುಕೊಂಡು ಹೊರಟಿದ್ದೀರಂತೆ. ನನ್ನದೊಂದು ಕೆಲಸ ಮಾಡಿಕೊಡಬೇಕು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಅಂಕೋರ್‌ವಾಟ್‌ನ ಮೆಟ್ಟಿಲ ಮೇಲೆ ನಮ್ಮ ಯಜಮಾನರು ಕುಸಿದಾಗ ನೀವು ಆಂಬ್ಯುಲೆನ್ಸಿಗೆ ಓಡಿದಿರಿ. ನಾನು ಕೈಚೀಲದಲ್ಲಿದ್ದ ಬೆಟ್ಟದ ತಾಯಿಯ ಅರಿಸಿನವನ್ನು ಕರವಸ್ತ್ರಕ್ಕೆ ಹಚ್ಚಿ, ನಾಣ್ಯವಿಟ್ಟು ಮುಡಿಪು ಕಟ್ಟಿ, ಅಲ್ಲೇ ಇದ್ದ ತಲೆಯಿಲ್ಲದ ವಿಷ್ಣುವಿನ ಹಿಂದಿನ ಕಲ್ಲುಸಂದಿಗೆ ತುರುಕಿದೆ. ಓಡಿಬಂದ ನೀವು, “ಪೂಜೆ ನಿಂತೋಗಿರೋ ದೇವ್ರಿಗೆ ಹರಕೆ ಹೊತ್ಕೋಬೇಡಿ ಕಣಮ್ಮ, ತೀರ್ಸೋಕೆ ಇಷ್ಟು ದೂರ ಎಂಗೆ ಬರ್ತೀರಿ?” ಅಂದಿರಿ. ನಿಮ್ಮ ಮೇಲೆ ರೇಗಿದೆ. ಮನಸ್ಸಿನಲ್ಲಿಟ್ಟುಕೊಳ್ಳಬೇಡಿ.

ಈಗ ಅವರು ಮನೆಯಲ್ಲೇ ಇದ್ದಾರೆ. ಇನ್ನು ಮಾಡುವುದೇನೂ ಇಲ್ಲವೆಂದು ಆಸ್ಪತ್ರೆಯವರು ಕಳಿಸಿಬಿಟ್ಟರು. ಕಣ್ಣು ತೆರೆಯುವುದಿಲ್ಲ, ಕರೆದರೆ ಓಗೊಡುವುದಿಲ್ಲ. ಬೆನ್ನೆಲ್ಲ ಹುಣ್ಣಾಗಿದೆ. ಹೊರಳಿಸಿದಾಗ ಮಾತ್ರ ನರಳುತ್ತಾರೆ. ಮೊನ್ನೆ ಅವರ ತಂಗಿ ಬೆಟ್ಟಮ್ಮ ಬಂದು ನೋಡಿ, “ಮುಡಿಪು ಬಿಚ್ಚೋಗಂಟ ಜೀವ ಓಗಾಕಿಲ್ಲ ಕಣತ್ತಿಗೆ” ಅಂದಳು. ಅವಳನ್ನು ಬೈದು ಕಳಿಸಿದೆ. ಆಮೇಲೆ ಈ ಕಾಗದ ಬರೆಯಲು ಕೂತೆ.

ಬಲಗಡೆಯ ಸಂದಿ. ಕೈ ಒಳಗೆ ಹಾಕಿದರೆ ಸಿಗುತ್ತದೆ. ಗಂಟು ಗಟ್ಟಿಯಾಗಿ ಕಟ್ಟಿದ್ದೇನೆ, ಕತ್ತರಿಸಬೇಡಿ, ನಿಧಾನವಾಗಿ ಬಿಚ್ಚಿ. ನಾಣ್ಯ ದೇವರ ಹತ್ತಿರವೇ ಇರಲಿ.

ಆ ದೇವರನ್ನು ದೂರುವುದಿಲ್ಲ. “ಉಸಿರೊಂದು ಉಳಿಸಪ್ಪ” ಎಂದು ಕೇಳಿದ್ದೆ. ಅದೊಂದನ್ನು ಉಳಿಸಿದ್ದಾನೆ.

ಬಿಚ್ಚಿದ ಮೇಲೆ ಫೋನ್ ಮಾಡುವುದು ಬೇಡ. ನನಗೆ ಇಲ್ಲೇ ತಿಳಿಯುತ್ತದೆ.

ಇಂತಿ,
ಪ್ರೇಮಮ್ಮ