ನನ್ನ ನೆಗಡಿ, ಅವಳ ಉಬ್ಬಸ

ನವೆಂಬರ್ 5

ಮತ್ತೆ ನೆಗಡಿ. ಮೂಗು ಕಟ್ಟಿದರೆ ನೀರಿನ ಆಳದಲ್ಲಿ ಕಿವಿ ಸಿಡಿಯುತ್ತದೆ. ಎರಡು ಮಾತ್ರೆ ನುಂಗಿ ಚಿಪ್ಪು ಹೆಕ್ಕಲು ಕಡಲಿಗೆ ಇಳಿದೆ. ಸಿಕ್ಕಿದ್ದು ಸಾಧಾರಣ. ದಡದ ಕಲ್ಲುಗೋಡೆಯ ಮರೆಯಲ್ಲಿ ಮುಳುಗುವ ಹೆಂಗಸರೆಲ್ಲ ಬೆಂಕಿಗೆ ಮೈ ಕಾಯಿಸುತ್ತಾ ಕೂತಾಗ ಬಾರ್ಲಿ ನೀರು ಅರ್ಧ ಕುಡಿದು ಲೋಟವನ್ನು ಸೊಸೆ ಬೊಕ್‌ಸಿಲ್‌ಗೆ ಚಾಚಿದೆ.

"ಬೇಡಿ ಅತ್ತೆ. ನಿಮ್ಮ ನೆಗಡಿ ಹತ್ತಿದ್ರೆ ನಂಗೆ ಉಬ್ಬಸ ಏಳತ್ತೆ. ಡಾಕ್ಟ್ರು ಹೇಳಿದಾರಲ್ಲ."

"ನಿನ್ನ ಡಾಕ್ಟ್ರು ಯಾವತ್ತಾದ್ರೂ ಕಡಲಿಗೆ ಇಳಿದಿದಾನೇನೆ? ಎಲ್ಲರೂ ನೋಡ್ತಿದಾರೆ, ಕುಡಿ."

ಕುಡಿದಳು.

ನವೆಂಬರ್ 8

ಅವಳಿಗೂ ಸೀನು. ಅಡುಗೆಮನೆಯಲ್ಲಿ ಆಚೆ ತಿರುಗಿ ಉಬ್ಬಸದ ಪಂಪ್ ಹೊಡೆದುಕೊಳ್ಳುತ್ತಾಳೆ. ಮೂಲಂಗಿ ಹೆಚ್ಚಿ ಜೇನಿನಲ್ಲಿ ನೆನೆಸಿ ರಸ ಕೊಟ್ಟೆ. ನಾಳೆ ಮುಳುಗುವ ದಿನ. ಎಪ್ಪತ್ತೈದು ದಾಟಿದವರು ಜೊತೆಗಾತಿ ಇಲ್ಲದೆ ಇಳಿಯುವಂತಿಲ್ಲ — ನಮ್ಮ ಮುಳುಗುವವರ ಸಂಘದ ಕಟ್ಟಳೆ. ನನ್ನ ಜೊತೆಗಾತಿ ಇವಳೇ. ಇವಳು ಮಲಗಿದರೆ ನಾನೂ ಮನೆಯಲ್ಲೇ.

ನವೆಂಬರ್ 9, ಸಂಜೆ



ಬೆಳಗ್ಗೆ ನಾನೇ ಎಬ್ಬಿಸಿದ್ದು. "ಎರಡು ಸೀನಿಗೆ ಹಾಸಿಗೆ ಹಿಡೀತೀಯಾ? ನಿನ್ನ ಗಂಡನ್ನ ಹೊಟ್ಟೇಲಿಟ್ಕೊಂಡು ಮುಳುಗಿದೀನಿ ನಾನು."

ನೀರಿನಿಂದ ತಲೆ ಎತ್ತಿದಾಗ ಹಿಡಿದ ಉಸಿರನ್ನು ಸೀಟಿ ಹೊಡೆದಂತೆ ಬಿಡುತ್ತೇವೆ. ಅದು ಕೇಳಿಸಿದರೆ ಜೊತೆಯವಳು ಕ್ಷೇಮ. ಇವತ್ತು ಅವಳದು ತುಂಬಾ ಉದ್ದ.

"ಏನಕ್ಕಾ, ನಿನ್ನ ಸೊಸೆ ಸೀಟಿ ಭಾರಿ ಜೋರು!" — ಸಂಘದ ಮುಖ್ಯಸ್ಥೆ ಚುನ್‌ಹ್ವಾ.

"ಕಲಿಸಿದ್ದು ಯಾರು ಮತ್ತೆ?" ಎಂದೆ. ಎಂದು ಮತ್ತೆ ಮುಳುಗಿದೆ. ಮುಳುಗಿದೆ!

ಅದು ಎದೆ ಬಿಗಿದು ಎಳೆಯುತ್ತಿದ್ದ ಉಸಿರು. ನಾನು ಮೇಲೆ ಬಂದಾಗ ಬೊಕ್‌ಸಿಲ್ ಚಿಪ್ಪಿನ ಬಲೆ ಕಟ್ಟಿದ ತೇಲುಬುರುಡೆಗೆ ಜೋತುಬಿದ್ದಿದ್ದಳು. ತುಟಿ ನೀಲಿ.

ನವೆಂಬರ್ 13, ಜೆಜು ದ್ವೀಪದ ಪೇಟೆಯ ಆಸ್ಪತ್ರೆ

ಆಕ್ಸಿಜನ್ ಇನ್ನೂ ತೆಗೆದಿಲ್ಲ. ಡಾಕ್ಟರು ಚಿಕ್ಕ ಹುಡುಗಿ. ನಮಗೆ ಬರೀ ಮೂಗು ಸೋರಿಸಿ ಹೋಗುವ ವೈರಸ್ಸೇ ಉಬ್ಬಸದವರ ಉಸಿರುನಾಳ ಊದಿಸಿ ಮುಚ್ಚಿಬಿಡುತ್ತದಂತೆ.

"ಮನೇಲಿ ಮೊದಲು ನೆಗಡಿ ಬಂದಿದ್ದು ಯಾರಿಗಜ್ಜಿ?"

"ಊರಿಗೇ ಬಂದಿದೆ" ಎಂದೆ.

ಮಗ ನನ್ನನ್ನೇ ನೋಡಿದ.

ನವೆಂಬರ್ 16

ಆಕ್ಸಿಜನ್ ತೆಗೆದರು. ಚುನ್‌ಹ್ವಾ ಬಂದಿದ್ದಳು. ಕಾಯಿಲೆ ಮುಚ್ಚಿಟ್ಟು ಇಳಿದವಳ ಹೆಸರನ್ನು ಸಂಘದ ಪಟ್ಟಿಯಿಂದ ಹೊಡೆಯಬೇಕಂತೆ. ನಾಳೆ ಸಭೆ. "ಯಾರಾದ್ರೂ ಬಲವಂತ ಮಾಡಿದ್ರೇನೇ?" ಎಂದು ಕೇಳಿದಳು.

"ಇಲ್ಲಕ್ಕ, ನಂದೇ ಹಠ" ಎಂದಳು ಬೊಕ್‌ಸಿಲ್. ನನ್ನ ಕಡೆ ತಿರುಗಲೂ ಇಲ್ಲ.

ಬೈದಿದ್ದರೆ ವಾಸಿಯಿತ್ತು.

ನವೆಂಬರ್ 17

ಸಭೆಯಲ್ಲಿ ಎದ್ದು ನಿಂತೆ. ಮಂಡಿ ನೋವು. ನೆಗಡಿ ಹತ್ತಿಸಿದವಳು ನಾನು, ಬೈದು ಇಳಿಸಿದವಳೂ ನಾನು, ಹೊಡೆಯುವುದಿದ್ದರೆ ನನ್ನ ಹೆಸರು ಹೊಡೆಯಿರಿ ಎಂದೆ. ಯಾರೂ ಬೇಡ ಎನ್ನಲಿಲ್ಲ. ಅರವತ್ತೆರಡು ವರ್ಷ ಮುಳುಗಿದ್ದೆ. ಒಂದು ಗೀಟು, ಮುಗಿಯಿತು.

ಅವಳ ಹೆಸರು ಉಳಿಯಿತು. ಡಾಕ್ಟರ ಚೀಟಿ ತಂದರೆ ಇಳಿಯಬಹುದು.

ಸುಸ್ತು. ಅಕ್ಕಿ ತೊಳೆಯಲೂ ಮನಸ್ಸಿಲ್ಲ. ಅವಳನ್ನು ಇವತ್ತೇ ಮನೆಗೆ ಕಳಿಸುತ್ತಾರಂತೆ. ಮುಖ ಕಂಡ ಕೂಡಲೇ ತಪ್ಪಾಯಿತು ಎಂದುಬಿಡಬೇಕು. ಈ ಬಾಯಿಗೆ ಬೈಯುವುದೊಂದೇ ಅಭ್ಯಾಸ... ಗಾಡಿ ನಿಂತ ಸದ್ದು. ಮಗ ಅವಳಿಗೆ ಬಾಗಿಲು ತೆಗೆಯುತ್ತಿದ್ದಾನೆ. ಮೊದಲು ಏನೆಂದು—