ಇನ್ನೂರ ಹದಿನೇಳನೆಯ ಗುರುತು

ಒಂದು ಕಾಲಕ್ಕೆ ನನ್ನ ಗುರುಗಳಾಗಿದ್ದವರಿಗೆ,

ನಮಸ್ಕಾರ ಬರೆಯಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ಮೊನ್ನೆ ಸಭೆಯ ಮಧ್ಯದಲ್ಲೇ ನೀವು ಪಕ್ಕದ ಬಾಗಿಲಿನಿಂದ ಹೊರಟುಬಿಟ್ಟಿರಿ. ಹೇಳಬೇಕಾದದ್ದು ನನ್ನಲ್ಲೇ ಉಳಿಯಿತು.

ಒಂಬತ್ತು ವರ್ಷಗಳ ಹಿಂದೆ ನಿಮ್ಮ ವಿಭಾಗದ ಕೊನೆಯ ಕೋಣೆಯಲ್ಲಿ, ಕಿಟಕಿಯಿಲ್ಲದ ಗೋಡೆಗೆ ಮುಖಮಾಡಿ, ನಾನು ಕಂಪ್ಯೂಟರಿನೊಳಗಿನ ಭೂಗೋಳವನ್ನು ತಿರುಗಿಸುತ್ತ ಕೂತಿರುತ್ತಿದ್ದೆ. ಉಪಗ್ರಹ ಚಿತ್ರಗಳನ್ನು ಹೊದ್ದ ಆ ಗೋಳದ ಮೇಲೆ ಒಂದೊಂದೇ ಬೆಟ್ಟವನ್ನು ಹತ್ತಿರಕ್ಕೆಳೆದು, ಓರೆಯಾಗಿಸಿ, ಹಳೆಯ ಭೂಕುಸಿತದ ಗಾಯ ಕಂಡಲ್ಲಿ ಕೆಂಪು ಗುರುತು ನೆಡುವುದು ನನ್ನ ಕೆಲಸ. ಮೂರು ವರ್ಷಕ್ಕೆ ಮುನ್ನೂರ ನಲವತ್ತು ಗುರುತು. "ಆ ಗುಡ್ಡ ಎಲ್ಲೂ ಓಡಿಹೋಗಲ್ಲ ಕಣೇ, ಊಟಕ್ಕೆ ಬಾ" ಎಂದು ಅಮ್ಮ ಫೋನಿನಲ್ಲಿ ಬೈಯುತ್ತಿದ್ದಳು. "ಓಡಿಹೋಗೋ ಗುಡ್ಡಾನೇ ಹುಡುಕ್ತಿರೋದಮ್ಮ" ಎನ್ನುತ್ತಿದ್ದೆ.

ನಕ್ಷೆಯ ಪುಸ್ತಕ ಹೊರಬಂತು. ಅದರ ಮೇಲೆ ನಿಮ್ಮ ಹೆಸರೊಂದೇ. ಕೇಳಲು ಬಂದವಳಿಗೆ ನೀವು ಚಹಾ ಕಲಕುತ್ತ, ತಲೆಯೆತ್ತದೆ ಹೇಳಿದಿರಿ: "ಕುರ್ಚಿ ಮೇಲೆ ಕೂತು ಮೌಸ್ ಆಡಿಸೋದು ಸಂಶೋಧನೆ ಅಲ್ಲಮ್ಮ. ಟೈಪಿಸ್ಟ್ ಹೆಸರನ್ನ ಯಾರಾದ್ರೂ ಪುಸ್ತಕದ ಮೇಲೆ ಹಾಕ್ತಾರಾ?" ಪ್ರತಿಯೊಂದು ಜಾಗವನ್ನೂ ಕಾಲ್ನಡಿಗೆಯಲ್ಲಿ ಹೋಗಿ ಪರೀಕ್ಷಿಸಿದ್ದೇನೆ ಎಂದು ಮುನ್ನುಡಿಯಲ್ಲಿ ಬರೆದಿದ್ದಿರಿ. ಎರಡನೆಯ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿದ್ದವರು ನೀವು!

ನನ್ನ ಪ್ರಬಂಧ ಅಲ್ಲಿಗೇ ನಿಂತಿತು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಲು ಸೇರಿದೆ. ಒಂದು ದಿನ ಮಕ್ಕಳಿಗೆ ಅದೇ ಗೋಳ ತೋರಿಸುತ್ತ, ಹಳೆಯ ವರ್ಷಗಳ ಚಿತ್ರ ತೋರಿಸುವ ಇಸವಿಯ ಪಟ್ಟಿಯನ್ನು ಹಿಂದಕ್ಕೆ ಎಳೆದೆ. ಇನ್ನೂರ ಹದಿನೇಳನೆಯ ಗುರುತಿನ ಜಾಗದಲ್ಲಿ ಲಾರಿಗಳ ಸಾಲು, ಜಲ್ಲಿ ಒಡೆಯುವ ಯಂತ್ರ. ಅದು ಭೂಕುಸಿತವೇ ಅಲ್ಲ, ಗಿಡಗಂಟಿ ಬೆಳೆದ ಹಳೆಯ ಕಲ್ಲುಕ್ವಾರಿ. ಅವಸರದಲ್ಲಿ ಹಳೆಯ ಚಿತ್ರ ನೋಡದೆ ನೆಟ್ಟವಳು ನಾನೇ. ತಪ್ಪು ನನ್ನದು, ಆದರೆ ಹೆಸರು ನಿಮ್ಮದು! ಅಂದು ನನಗಾದ ಸಂತೋಷಕ್ಕೆ ಮೈ ಜುಮ್ಮೆಂದಿತು. ಯಾರಿಗೂ ಬಾಯಿ ಬಿಡಲಿಲ್ಲ. ನಾಲ್ಕು ವರ್ಷ ಕಾದೆ.

ಮೊನ್ನೆಯದು, ಗುಡ್ಡ ಕುಸಿಯಬಹುದೆಂದು ನಿಮ್ಮ ನಕ್ಷೆ ಹಿಡಿದು ಇನ್ನಷ್ಟು ಮನೆ ತೆರವು ಮಾಡಿಸುವ ಸಭೆ. ಯಾರು ಬೇಕಾದರೂ ಪ್ರಶ್ನೆ ಕೇಳಬಹುದಿತ್ತು. ಎದ್ದು ನಿಂತೆ. ನಿಮಗೆ ನನ್ನ ಗುರುತೂ ಹತ್ತಲಿಲ್ಲ.

"ಸರ್, ಇನ್ನೂರ ಹದಿನೇಳನೇ ಜಾಗಕ್ಕೆ ನೀವೇ ಹೋಗಿದ್ರಾ?"

"ಎರಡು ಸಲ ಹೋಗಿದ್ದೀನಿ. ಕುಸಿದ ಮಣ್ಣನ್ನ ಕೈಯಲ್ಲಿ ಹಿಡಿದು ನೋಡಿದ್ದೀನಿ."

ಪರದೆಯ ಮೇಲೆ ಗೋಳ ತೆರೆದು ಇಸವಿ ಹಿಂದಕ್ಕೆಳೆದೆ. ಮುಂದಿನ ಸಾಲಿನ ಲಾರಿ ಡ್ರೈವರ್ ಎದ್ದೇಬಿಟ್ಟ: "ಅಯ್ಯೋ, ಇದು ನಮ್ಮ ಕ್ವಾರಿ ಸ್ವಾಮಿ! ಇಲ್ಲೇ ಹತ್ತು ವರ್ಷ ಲೋಡ್ ಹೊಡ್ದಿದ್ದೀನಿ." ಇಡೀ ಸಭಾಂಗಣ ಗೊಳ್ಳೆಂದಿತು. ಆಮೇಲೆ ನನ್ನ ಹಳೆಯ ಕಡತ ತೆರೆದೆ. ಮುನ್ನೂರ ನಲವತ್ತು ಗುರುತುಗಳ ಪಕ್ಕದಲ್ಲೂ ನನ್ನ ಹೆಸರು, ನೆಟ್ಟ ತಾರೀಖು. ವೇದಿಕೆಯ ಮೇಲಿದ್ದ ಅಧಿಕಾರಿ ನಿಮ್ಮ ಪುಸ್ತಕ ಮುಚ್ಚಿ ಅತ್ತ ಸರಿಸಿದರು. ಬಿಳಿಚಿಕೊಂಡ ನಿಮ್ಮ ಮುಖವನ್ನು ಗುಟುಕು ಗುಟುಕಾಗಿ ಕುಡಿದೆ.

ಹೊರಗೆ ಮೆಟ್ಟಿಲ ಮೇಲೆ ಹೊಲಿಗೆ ಕೆಲಸದ ಹೆಂಗಸೊಬ್ಬಳು ನನ್ನ ಕೈ ಹಿಡಿದುಕೊಂಡಳು. "ದೊಡ್ಡ ಉಪಕಾರ ಆಯ್ತು ಮೇಡಂ. ಆ ಕ್ವಾರಿ ಕೆಳಗೇ ನಮ್ಮನೆ ಇತ್ತು. ಗುಡ್ಡ ಕುಸಿಯುತ್ತೆ ಅಂತ ಹೋದ ವರ್ಷ ಒಡೆಸಿಬಿಟ್ರು. ಅತ್ತೆ ಆ ಕೊರಗಲ್ಲೇ ಹೋಗಿಬಿಟ್ರು. ಅದು ಬರೀ ಕ್ವಾರಿ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ಈಗೀಗ" ಎಂದೆ.

ಗೋಳದ ಮೇಲೆ ಅವಳ ಮನೆಯ ಸೂರನ್ನು ನಾಲ್ಕು ವರ್ಷದ ಹಿಂದೆಯೇ ನೋಡಿದ್ದವಳು ನಾನು. ನಿಮ್ಮನ್ನು ಬೀಳಿಸುವ ಆಸೆಯಲ್ಲಿ ಆ ಸೂರಿನ ಕೆಳಗೆ ಯಾರಿರಬಹುದು ಎಂದು ಒಂದು ಸಲವೂ ಯೋಚಿಸಲಿಲ್ಲ. ಒಳಗೆ ನೀವು ಸುಳ್ಳು ಹೇಳಿದಿರಿ, ಹೊರಗೆ ನಾನು.

ನಾಳೆ ಅವಳಿರುವಲ್ಲಿಗೆ ಹೋಗಿ ನಿಜ ಹೇಳುತ್ತೇನೆ. ಉಗಿದರೆ ಒರೆಸಿಕೊಳ್ಳುತ್ತೇನೆ. ಇದರಿಂದ ನಿಮ್ಮ ಮೇಲೆ ಮನಸ್ಸು ಕರಗೀತು ಅಂದುಕೊಳ್ಳಬೇಡಿ. ನನ್ನನ್ನು ಇಂಥವಳನ್ನಾಗಿ ಮಾಡಿದ್ದಕ್ಕೂ ಸೇರಿಸಿ ನಿಮ್ಮನ್ನು ದ್ವೇಷಿಸುತ್ತೇನೆ.

ನೂರು ವರ್ಷ ಬಾಳಿ. ಮರೆವೊಂದು ಮಾತ್ರ ನಿಮ್ಮ ಹತ್ತಿರ ಸುಳಿಯದಿರಲಿ.

ಇನ್ನೆಂದೂ ನಿಮ್ಮವಳಲ್ಲದ
ವಿದ್ಯಾರ್ಥಿನಿ