ಮೊದಲು ‘ಬ್ಯಾ’ ಅಂದವನು

ಜನವರಿ 6, ಮಂಗಳವಾರ. ಮಧ್ಯಾಹ್ನ 2.40

ಹೊಸದುರ್ಗದ ಗಾಡಿ ಇಪ್ಪತ್ತು ನಿಮಿಷ ಲೇಟು. ಮೂರು ಸಲ ಮೈಕಿನಲ್ಲಿ ಹೇಳಿದೆ. ನಾಲ್ಕನೇ ಸಲ ಹೇಳುವಷ್ಟರಲ್ಲಿ ಗೆಳೆಯ ತಿಪ್ಪೇಶ ಬಸ್ ಸ್ಟ್ಯಾಂಡಿನ ಕಂಟ್ರೋಲ್ ರೂಮಿನ ಕಿಟಕಿಯಿಂದ ಮೊಬೈಲ್ ತೂರಿಸಿದ. ಟೈರ್ ಅಂಗಡಿ ಹಾಗೇ ಬಿಟ್ಟು ಓಡಿಬಂದಿದ್ದಾನೆ. ಕೈಯೆಲ್ಲ ಗ್ರೀಸು.

“ನೋಡಲೇ ರಾಮಾಂಜಿ, ನಿನ್ನ ಹೀರೋ ಏನಂತಾನೆ.”

ನಲವತ್ತು ಸೆಕೆಂಡಿನ ಕ್ಲಿಪ್ಪು. ಮಾರುತೇಶ. ನಮ್ಮ ಮಾರುತೇಶ — ಐಮಂಗಲದವನು, ಹದಿನಾಲ್ಕು ವರ್ಷ ಹಿರಿಯೂರು ತಂಡಕ್ಕೆ ಫುಟ್ಬಾಲ್ ಆಡಿದವನು, ರಾಜ್ಯದ ಜೆರ್ಸಿ ಹಾಕಿದ ನಮ್ಮ ಕಡೆಯ ಒಬ್ಬನೇ ಒಬ್ಬ. ಈಗ ದಾವಣಗೆರೆಯಲ್ಲಿ ಹುಡುಗಿಯರ ತಂಡಕ್ಕೆ ಕೋಚು. ಯಾವುದೋ ಯೂಟ್ಯೂಬಿನವನು ಕೇಳುತ್ತಾನೆ — ಇಪ್ಪತ್ತೈದನೇ ತಾರೀಕು ನಿಮ್ಮ ತಂಡ ನಿಮ್ಮೂರಿಗೇ ಆಡೋಕೆ ಹೋಗ್ತಿದೆ, ಖುಷಿನಾ ಸಾರ್? ಇವನು ನಗುತ್ತಾನೆ.

“ಖುಷಿ ಎಲ್ಲಿಂದ ಬರ್ಬೇಕು? ಹಿರಿಯೂರು ಊರಲ್ಲ ಸಾರ್, ಬಸ್ ಇಳಿದು ಉಚ್ಚೆ ಹೊಯ್ದು ಮತ್ತೆ ಹತ್ತೋ ಜಾಗ. ಆ ಜನದ ಮುಂದೆ ನನ್ನ ಮಗಳನ್ನ ನಿಲ್ಸಾಕೆ ನಂಗೆ ಮನಸ್ಸಿಲ್ಲ.”

ಉಚ್ಚೆ! ಆ ಜಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಮೈಕು ಹಿಡಿದು ಕೂತಿರುವವನು ನಾನು. ಮುಖಕ್ಕೇ ಹೊಡೆದ ಹಾಗಾಯಿತು. ಎರಡು ಸಲ ನೋಡಿದೆ, ಮೂರು ಸಲ ನೋಡಿದೆ. ಅಷ್ಟರಲ್ಲಿ ಹೊಸದುರ್ಗದ ಗಾಡಿ ಬಂದು ಹೋಯಿತಂತೆ. ನಾನು ಕೂಗಲೇ ಇಲ್ಲ. ಒಬ್ಬ ಅಜ್ಜಿ ಗಾಡಿ ತಪ್ಪಿಸಿಕೊಂಡು ಕಿಟಕಿಗೆ ಬಂದು ಚೆನ್ನಾಗಿ ಬೈದಳು. ಅದಕ್ಕೂ ಮಾರುತೇಶನೇ ಕಾರಣ.

ಜನವರಿ 7, ಬುಧವಾರ. ಬೆಳಗ್ಗೆ

ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ. ಇವನ ಮೊಣಕಾಲು ಆಪರೇಷನ್ ಆದಾಗ ಆಸ್ಪತ್ರೆಗೆ ಎಳನೀರು ಹೊತ್ತವರು ಯಾರು? ಗೊನೆಗೊನೆಯೇ ಹೊತ್ತೆವು. ನರ್ಸುಗಳೂ ಕುಡಿದರು, ವಾಚ್‌ಮನ್ನೂ ಕುಡಿದ. ಅವನ ಮದುವೆಗೆ ಲಾರಿ ಮಾಡಿಕೊಂಡು ಹೋದವರು ಯಾರು? ದಾವಣಗೆರೆಯವರು ಒಂದು ಬೆಣ್ಣೆ ದೋಸೆ ತಿನ್ನಿಸಿದ್ದಕ್ಕೆ ಇಷ್ಟು ನಾಲಿಗೆ ಜಾರಬೇಕಾ?

ಅವನ ಕಾಲಿಗೆ ಚೆಂಡು ಸಿಕ್ಕರೆ ಸಾಕು, ಇಡೀ ಮೈದಾನ ಕುರಿಯ ಹಾಗೆ ‘ಬ್ಯಾ…’ ಅನ್ನುತ್ತಿತ್ತು. ಎರಡು ಸಾವಿರ ಜನ, ಒಂದೇ ಉಸಿರಿಗೆ. ಕುರಿ ಕಾಯುವ ಮನೆಯ ಹುಡುಗ ಅಂತ ಅಷ್ಟು ಪ್ರೀತಿ. ಈ ಜಿಲ್ಲೆಯಲ್ಲಿ ಇನ್ನಾವ ಆಟಗಾರನಿಗೆ ಸ್ವಂತದ ಒಂದು ಕೂಗಿತ್ತು?

ಆ ಕೂಗು ಶುರು ಮಾಡಿದ್ದು ನಾನು. 2005ರ ಫೈನಲ್, ಹೊಳಲ್ಕೆರೆ ಮೇಲೆ. ಈಗಿನ ಹಾಗೆ ಆಗಲೂ ಆಟದ ಕಾಮೆಂಟರಿ ನಂದೇ. ಮಾರುತೇಶನಿಗೆ ಹದಿನೇಳು ಇರಬೇಕು, ಮೂರು ಜನರನ್ನು ದಾಟಿ ನುಗ್ಗಿದ. ನನಗೆ ಬೇರೆ ಮಾತು ಸಿಗಲಿಲ್ಲ — “ಐಮಂಗಲದ ಕುರಿ ಬೇಲಿ ಹಾರ್ತು ನೋಡ್ರಪ್ಪ, ಬ್ಯಾ…!” ಅಂದೆ. ಜನ ಹಿಡಿದುಕೊಂಡರು. ಮೊದಲು ಅಂದವನು ತಾನು ಅಂತ ತಿಪ್ಪೇಶ ಇಪ್ಪತ್ತು ವರ್ಷದಿಂದ ವಾದ ಮಾಡುತ್ತಾನೆ. ಬರೀ ಸುಳ್ಳು. ನಾನೇ.

ಜನವರಿ 9, ಶುಕ್ರವಾರ

ಸಂಜೆ ಟೈರ್ ಅಂಗಡಿಯಲ್ಲಿ ಹಿರಿಯೂರು ತಂಡದ ಅಭಿಮಾನಿ ಬಳಗದ ಮೀಟಿಂಗು. ಮೂವತ್ತು ಜನ, ಕುರ್ಚಿ ಆರು. ಉಳಿದವರು ಟೈರಿನ ಮೇಲೆ. ಎಲ್ಲರೂ ಒಟ್ಟಿಗೇ ಮಾತಾಡಿದರು. ಫ್ಲೆಕ್ಸಿನಿಂದ ಅವನ ಫೋಟೋ ತೆಗೆಯಬೇಕು. ಕ್ಷಮೆ ಕೇಳಿಸಬೇಕು. ದಾವಣಗೆರೆಗೇ ಹೋಗಿ ಕೇಳಿಸಬೇಕು. ದಾವಣಗೆರೆಗೆ ಹೋಗಲು ಯಾರಿಗೂ ಪುರಸೊತ್ತಿಲ್ಲ ಅಂತ ಗೊತ್ತಾದ ಮೇಲೆ ತಿಪ್ಪೇಶ ಎದ್ದು ನಿಂತ.

“ಅವ್ನೇ ಬರ್ತಾನಲ್ಲ ಇಪ್ಪತ್ತೈದಕ್ಕೆ. ಬೆಂಚಿಂದ ಎದ್ರೆ ಬ್ಯಾ ಅನ್ನಾಣ. ಕುಂತ್ರೆ ಬ್ಯಾ ಅನ್ನಾಣ. ಮಗಳು ತಂಡದಾಗೆ ಅವ್ಳೆ, ಚೆಂಡು ಮುಟ್ಟಿದ್ರೆ ಅವ್ಳಿಗೂ ಬ್ಯಾ. ಈ ಊರಿಗೆ ಯಾಕಾರೂ ಬಂದ್ನೋ ಅನ್ಸಬೇಕು.”

ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ. ಜೋರಾಗಿಯೇ ತಟ್ಟಿದೆ.

ಮನೆಗೆ ಬಂದು ಸುಮಿತ್ರಾಳಿಗೆ ಹೇಳಿದೆ. ಮುದ್ದೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

“ಅಲ್ರೀ, ಪ್ರೀತಿಗೂ ಅದೇ ಕೂಗು, ಮಾನ ಕಳಿಯಾಕೂ ಅದೇ ಕೂಗಾ?”

ನಿನಗೆ ಫುಟ್ಬಾಲ್ ಗೊತ್ತಿಲ್ಲ ಅಂದೆ.

“ಫುಟ್ಬಾಲ್ ಗೊತ್ತಿಲ್ಲ. ಬೈಗುಳ ಗೊತ್ತೈತೆ.”

ಹೆಂಗಸರ ಜೊತೆ ವಾದ ಮಾಡಬಾರದು. ಅರ್ಧ ಮುದ್ದೆ ಬಿಟ್ಟು ಎದ್ದೆ. ಹೊಟ್ಟೆ ಹಸಿದೇ ಇತ್ತು… ಮತ್ತೆ ಹೋಗಿ ಕೂರಲು ಮನಸ್ಸಾಗಲಿಲ್ಲ.

ಜನವರಿ 10, ಶನಿವಾರ. ಬೆಳಗ್ಗೆ 11

ಪೂರ್ತಿ ಇಂಟರ್‌ವ್ಯೂ ಬಿಟ್ಟಿದ್ದಾರೆ. ಒಂದು ಗಂಟೆ ಹತ್ತು ನಿಮಿಷ. ಡ್ಯೂಟಿಯಲ್ಲೇ ನೋಡಿದೆ, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ. ನಲವತ್ತೆಂಟನೇ ನಿಮಿಷ. ಮರೆಯಬಾರದು ಅಂತ ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡಿದ್ದೇನೆ.

“ಹದಿನಾಕು ವರ್ಷ ಆ ಊರಾಗೆ ನಂಗೆ ಹೆಸರೇ ಇರ್ಲಿಲ್ಲ. ಗೋಲು ಹೊಡದ್ರೂ ಬ್ಯಾ, ಬಿದ್ರೂ ಬ್ಯಾ. ಮದುವೆ ಮನ್ಯಾಗೆ ಊಟಕ್ಕೆ ಕುಂತ್ರೂ ಬ್ಯಾ. ನಮ್ಮಪ್ಪ ಒಂದೇ ಸಲ ಆಟ ನೋಡಾಕೆ ಬಂದಿದ್ರು. ಹಾಫ್ ಟೈಮಿಗೆ ಎದ್ದೋದ್ರು. ಆಮೇಲೆ ಸಾಯೋತನಕ ಮೈದಾನದ ಕಡೆ ಬರ್ಲಿಲ್ಲ. ಮೊದ್ಲು ಹಂಗಂದಿದ್ದು ಮೈಕ್ ಹಿಡಿದವ್ನು. ಹೆಸ್ರು ಬ್ಯಾಡ ಬಿಡ್ರಿ. ಈಗ್ಲೂ ಆ ಬಸ್ ಸ್ಟ್ಯಾಂಡಿಗೆ ಗಾಡಿ ಹೋದ್ರೆ, ಅವ್ನ ದನಿ ಕೇಳ್ತಿದ್ದಂಗೆ ಕಿಟಕಿ ಗಾಜು ಎಳ್ಕಂತೀನಿ.”

ಹೆಸರು ಬೇಡವಂತೆ! ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಮೈಕು ಎಷ್ಟಿವೆ? ಹೆಸರು ಹೇಳಿದ್ದರೇ ಮರ್ಯಾದೆಯಾಗಿರುತ್ತಿತ್ತು. ಒಂದು ದಿನ ಬಂದು, ಅಣ್ಣ ಹಂಗನ್ನಬ್ಯಾಡ ಅಂದಿದ್ದರೆ ನಾನೇನು ಕಿವುಡನಾ? ಹದಿನಾಲ್ಕು ವರ್ಷ ನಕ್ಕೊಂಡಿದ್ದು ಈಗ ಕ್ಯಾಮೆರಾ ಮುಂದೆ ಗೋಳು. ನಗುತ್ತಿದ್ದ. ನಾನು ಕಣ್ಣಾರೆ ನೋಡಿದ್ದೇನೆ. ನಗುತ್ತಿದ್ದ ಅಲ್ಲವಾ?

ಸಂಜೆ 5

ತಿಪ್ಪೇಶ ಮತ್ತೆ ಕಿಟಕಿಗೆ ಬಂದ. ಮುಖ ಗಂಭೀರ.

“ಇಪ್ಪತ್ತು ವರ್ಷದಿಂದ ಸುಮ್ನೆ ಜಗಳ ಆಡ್ತಿದ್ದೆ ಕಣೋ. ಮೊದ್ಲು ಅಂದವ್ನು ನೀನೇ. ಒಪ್ಕಂಡೆ.”

ಎಂಥ ಉದಾರಿ! ಇಲ್ಲ, ನೀನೇ ಇರಬಹುದು ಅಂದೆ. ನನ್ನ ಬಾಯಿಂದಲೇ ಬಂತು ಆ ಮಾತು. ಥೂ.

ಜನವರಿ 18, ಭಾನುವಾರ

ಎಂಟು ದಿನ ಬರೆದಿಲ್ಲ. ಸಂಕ್ರಾಂತಿ ಬಂತು, ಎಳ್ಳು ಬೆಲ್ಲ ತಿಂದು ಎಲ್ಲರ ಮೇಲೂ ರೇಗಿದೆ.

ಇವತ್ತು ರಜೆ. ಐಮಂಗಲಕ್ಕೆ ಹೋದೆ. ಮಾರುತೇಶನ ತಾಯಿ ಕಾಳಕ್ಕ ಇನ್ನೂ ಅಲ್ಲೇ ಇದ್ದಾರೆ, ಕುರಿಗಳ ಜೊತೆ. ನಿಮ್ಮ ಮಗನಿಗೆ ಬುದ್ಧಿ ಹೇಳ್ರಿ, ಊರಿನ ಮಾನ ತೆಗೆದಿದ್ದಾನೆ — ಹೀಗೆ ಹೇಳಬೇಕು ಅಂತ ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದೆ. ಕುರಿ ರೊಪ್ಪದ ಬೇಲಿ ಹತ್ತಿರ ನಿಂತು, ಯಾರಿದ್ದೀರಿ ಅಂದೆ. ಬೆನ್ನು ತಿರುಗಿಸಿ ಮರಿಗೆ ಹಾಲು ಕುಡಿಸುತ್ತಿದ್ದರು. ತಿರುಗಲೇ ಇಲ್ಲ.

“ಬಸ್ ಸ್ಟ್ಯಾಂಡಿನ ದನಿ ಅಲ್ಲೇನಪ್ಪ? ಬರ್ರಿ, ಕುಂತ್ಕಳ್ರಿ.”

ಕುಂತೆ. ಮಜ್ಜಿಗೆ ಕೊಟ್ಟರು. ನಾನು ಊರಿನ ಮಾನ, ಅಭಿಮಾನ, ಪ್ರೀತಿ ಅಂತೆಲ್ಲ ಶುರು ಮಾಡಿದೆ. ಕೇಳಿದರು. ಆಮೇಲೆ ಹೇಳಿದರು:

“ಕುರಿ ಬ್ಯಾ ಅಂದ್ರೆ ನಂಗೆ ತಿಳೀತೈತೆ. ಹಸಿವಾದ್ರೆ ಒಂದು ತರ, ಮರಿ ಕಾಣದಿದ್ರೆ ಒಂದು ತರ. ತೋಳ ಬಂದ್ರೆ ಅನ್ನಾದೇ ಇಲ್ಲ, ಸುಮ್ಕೆ ನಿಲ್ತಾವೆ. ನೀವು ಅಂತಿದ್ರಲ್ಲ, ಅದು ಯಾವ ತರ ಅಂತ ನಂಗೂ ತಿಳೀಲಿಲ್ಲ, ನಮ್ ಯಜಮಾನರಿಗೂ ತಿಳೀಲಿಲ್ಲ. ಅವ್ರು ಕೇಳ್ತಿದ್ರು, ನಮ್ ಹುಡುಗ ಏನ್ ತಪ್ಪು ಮಾಡ್ದ ಅಂತ.”

ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಸಿಟ್ಟೇ ಇರಲಿಲ್ಲ. ಇನ್ನೊಂದು ಲೋಟ ಬಗ್ಗಿಸಿದರು. ಕುಡಿದೆ. ಹೇಳಲು ಹೋದದ್ದನ್ನು ಪೂರ್ತಿ ಹೇಳದೆ ಎದ್ದು ಬಂದೆ.

ಬಸ್ಸಿನಲ್ಲಿ ಮೈಯೆಲ್ಲ ಉರಿ. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಕಂಡಕ್ಟರ್ ಚಿಲ್ಲರೆ ಕೇಳಿದ್ದಕ್ಕೆ ಅವನ ಮೇಲೆ ಹಾರಾಡಿದೆ.

ಜನವರಿ 24, ಶನಿವಾರ. ಮಧ್ಯಾಹ್ನ

ಮೈದಾನಕ್ಕೆ ಸುಣ್ಣದ ಗೆರೆ ಹಾಕಿಸುತ್ತಿದ್ದ ತಿಪ್ಪೇಶ. ನಾಳೆ ಆ ಕೂಗು ಬೇಡ ಅಂದೆ. ಅವನು ನನ್ನ ಹಣೆ ಮುಟ್ಟಿ ನೋಡಿದ, ಜ್ವರ ಇದೆಯಾ ಅಂತ.

“ಲೇ, ಶುರು ಮಾಡಿದವ್ನು ನೀನು. ಈಗ ಬ್ಯಾಡ ಅನ್ನಾನೂ ನೀನೇನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡಂಗಾತು. ಊರು ಒಂದು ಕಡೆ, ನೀನೊಂದು ಕಡೆ ಆಗ್ತೀಯಾ? ಮೈಕು ಬ್ಯಾರೆಯವ್ರಿಗೆ ಕೊಡ್ಬೇಕಾಗ್ತೈತೆ ನೋಡು.”

ಮೈಕು. ಬಸ್ಸಿನ ಹೆಸರು ಕೂಗಲು ಯಾರಾದರೂ ಆಗುತ್ತಾರೆ. ಆಟದ ಮೈಕು ನನ್ನದು. ಅದೊಂದೇ ನನ್ನದು.

ಸರಿ ಬಿಡು ಅಂದು ಬಂದೆ. ಹೇಡಿ ಅಂತ ಬರೆದುಕೊಳ್ಳುತ್ತೇನೆ, ಬೇರೆ ಯಾರೂ ಓದುವುದಿಲ್ಲವಲ್ಲ.

ಜನವರಿ 25, ಭಾನುವಾರ. ಸಂಜೆ 6.30

ಮ್ಯಾಚ್ ಮುಗಿದಿದೆ.

ಮಗಳ ಹೆಸರು ಕೀರ್ತನಾ. ಏಳನೇ ನಂಬರು. ಅಪ್ಪನದೇ ಓಟ, ಭುಜ ಸ್ವಲ್ಪ ಬಾಗಿಸಿ ಓಡುವುದು. ಹನ್ನೊಂದನೇ ನಿಮಿಷಕ್ಕೆ ಚೆಂಡು ಸಿಕ್ಕಿತು. ತಿಪ್ಪೇಶ ಕೈಯೆತ್ತಿದ.

ಬ್ಯಾ…

ಎರಡು ಸಾವಿರ ಜನ. ಹುಡುಗಿ ಮೊದಲು ನಕ್ಕಳು, ಎಲ್ಲೋ ಕುರಿ ನುಗ್ಗಿರಬೇಕು ಅಂತ ಬೇಲಿ ಕಡೆ ನೋಡಿದಳು. ಕೂಗು ಎರಡನೇ ಸಲ ಬಂದಾಗ ಚೆಂಡು ನಿಲ್ಲಿಸಿ ಬೆಂಚಿನ ಕಡೆ ತಿರುಗಿದಳು. ನಾನೂ ಆ ಕಡೆ ನೋಡಿದೆ. ಮಾರುತೇಶ ತಲೆ ಬಗ್ಗಿಸಿ ಶೂ ಲೇಸು ಬಿಚ್ಚಿ ಕಟ್ಟುತ್ತಿದ್ದ. ಕಟ್ಟಿ, ಮತ್ತೆ ಬಿಚ್ಚಿ, ಮತ್ತೆ ಕಟ್ಟುತ್ತಿದ್ದ. ಆಡುವ ಕಾಲದಲ್ಲೂ ಹೀಗೇ ಮಾಡುತ್ತಿದ್ದ. ನಾವು ಅದನ್ನು ಸ್ಟೈಲು ಅಂದುಕೊಂಡಿದ್ದೆವು. ಮೈಕಿನಲ್ಲಿ ಹಾಗೆ ಹೇಳಿಯೂ ಇದ್ದೆ — ನೋಡ್ರಿ ಸ್ಟೈಲು.

ಎದ್ದು ನಿಂತೆ. ಏನು ಹೇಳಬೇಕು ಅಂತ ಯೋಚಿಸಿರಲಿಲ್ಲ. ಬಂದದ್ದು ಇಷ್ಟು:

“ಎಲ್ರೂ ಕೇಳ್ರಿ. ಮಾರುತೇಶ್ ಅವ್ರಿಗೆ ಮೊದ್ಲು ಹಂಗೆ ಕೂಗಿದ್ದು ನಾನು, ರಾಮಾಂಜನೇಯ. ತಪ್ಪಾತು. ಅವ್ರ ಮುಂದೆ, ಅವ್ರ ಮಗಳ ಮುಂದೆ ಹೇಳ್ತಾ ಇದೀನಿ, ತಪ್ಪಾತು. ಆ ಹುಡುಗಿ ಹೆಸರು ಕೀರ್ತನಾ. ಕೂಗಾದಾದ್ರೆ ಹೆಸರು ಕೂಗ್ರಿ.”

ಕೂಗು ನಿಂತಿತು. ಸರಿ ಹೋಯಿತು ಅಂದುಕೊಂಡೆ. ಜನಕ್ಕೆ ಅರ್ಥವಾಯಿತು ಅಂದುಕೊಂಡೆ, ನಮ್ಮ ಜನ ಒಳ್ಳೆಯವರು ಅಂತಲೂ ಅಂದುಕೊಂಡೆ. ಆಗ ಗೇಟಿನ ಕಡೆಯಿಂದ ಒಬ್ಬ ಶುರು ಮಾಡಿದ. ನನ್ನ ಕಡೆ ಕೈ ತೋರಿಸಿ.

ಬ್ಯಾ…

ಆಮೇಲೆ ಎಲ್ಲರೂ. ನಗು, ಸಿಳ್ಳೆ. ತಿಪ್ಪೇಶ ಮೈಕಿನ ವೈರು ಕಿತ್ತ. ಗೆಳೆಯ! ಮೂವತ್ತು ವರ್ಷದ ಗೆಳೆಯ ನನ್ನ ಮುಖ ನೋಡಿ ಬ್ಯಾ ಅಂದ.

ದಾವಣಗೆರೆ ಎರಡು, ನಾವು ಒಂದು. ಕೀರ್ತನಾಳದೇ ಒಂದು ಗೋಲು. ಮಾರುತೇಶ ಹೋಗುವಾಗ ಒಂದು ಸಲ ನನ್ನ ಟೇಬಲ್ ಕಡೆ ನೋಡಿದ. ಬರಲಿಲ್ಲ. ಯಾಕೆ ಬರಬೇಕು?

ಜನವರಿ 28, ಬುಧವಾರ. ಬೆಳಗ್ಗೆ 10.15

ಸೋಮವಾರ ಮೈಕಿನಲ್ಲಿ ‘ಹೊಳಲ್ಕೆರೆ’ ಅಂದೆ. ಪ್ಲಾಟ್‌ಫಾರ್ಮಿನಿಂದ ಬ್ಯಾ. ಯಾರೋ ಕಾಲೇಜಿನವರು ಅಂತ ಬಿಟ್ಟೆ.

ನಿನ್ನೆ ಹೋಟೆಲಿನಲ್ಲಿ ಇಡ್ಲಿ ತಟ್ಟೆ ಮುಂದಿತ್ತು, ಹಿಂದಿನ ಟೇಬಲ್ಲಿನಿಂದ ಬ್ಯಾ. ತಿರುಗಿ ನೋಡಿದೆ. ನಾಲ್ಕು ಜನ ಸಭ್ಯರ ಹಾಗೆ ಸಾಂಬಾರು ಕುಡಿಯುತ್ತಿದ್ದಾರೆ. ಸಂಜೆ ಸುಮಿತ್ರಾ ಜೊತೆ ತರಕಾರಿಗೆ ಹೋದೆ, ಅಲ್ಲೂ. ಅವಳ ಮುಂದೆ. ಅವಳು ಬದನೆಕಾಯಿ ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ನಾನು ನಕ್ಕೆ. ಯಾಕೆ ನಕ್ಕೆ ಗೊತ್ತಿಲ್ಲ, ಮುಖ ತಾನಾಗಿ ನಕ್ಕಿತು. ಎಲ್ಲರೂ ನೋಡುತ್ತಿರುವಾಗ ಇನ್ನೇನು ಮಾಡುವುದು?

“ಎಷ್ಟು ದಿನ ಅಂತಾರೆ ಹಿಂಗೆ?” ಅಂದಳು ದಾರಿಯಲ್ಲಿ.

ನಾಲ್ಕು ದಿನ, ಆಮೇಲೆ ಮರೀತಾರೆ ಅಂದೆ.

ಎಂಥ ಜನ ಇವರು! ನಾನೇನು ಯಾರ ಮನೆ ಮುರಿದೆ? ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ ಬಸ್ ಸ್ಟ್ಯಾಂಡಿನಲ್ಲಿ ಇಷ್ಟು ವರ್ಷ ಇವರ ಗಾಡಿ, ಇವರ ಲಗೇಜು, ಕಳೆದುಹೋದ ಇವರ ಮಕ್ಕಳ ಹೆಸರು ಕೂಗಿದವನು ನಾನು. ನನಗೂ ಒಂದು ಹೆಸರಿದೆ.

ಚಿತ್ರದುರ್ಗದ ಗಾಡಿ ಬಂದು ನಿಂತಿದೆ. ಡ್ರೈವರ್ ಎರಡು ಸಲ ಹಾರನ್ ಹೊಡೆದ. ಐದು ನಿಮಿಷದಿಂದ ಮೈಕಿನ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೂತಿದ್ದೇನೆ. ಒತ್ತಲು ಆಗುತ್ತಿಲ್ಲ. ಹೊರಗೆ ಅವರು ಬ್ಯಾ ಅನ್ನಲು ಕಾಯುತ್ತಿದ್ದಾರೆ, ಗೊತ್ತು. ನನಗೆ ಇದು ಶುರುವಾಗಿ ಇನ್ನೂ ಮೂರೇ ದಿನ. ಅವನು ಹದಿನಾಲ್ಕು ವರ್ಷ, ಚೆಂಡು ಕಾಲಿಗೆ ಬಂದಾಗಲೆಲ್ಲ, ಹೇಗೆ ಮುಂದಕ್ಕೆ ಓಡಿದ?